ಹೊಲಕ್ಕೆ ಎಣ್ಣೆ ಹೊಡೆದದ್ದು ಅಪ್ಪ, ತಲೆ ಸುತ್ತಿದ್ದು ಅವ್ವನಿಗೆ



ಈ ಮಾಲಿಕೆಯಲ್ಲಿ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಮಕ್ಕಳ ಜ್ವರದ ಬಗ್ಗೆ ಓದುತ್ತೀರಿ. ಈ ಸಲದ ವಿಷಯ ನಮ್ಮ ಫ್ಲ್ಯಾಟಿನ ಒಳಗಿನದಲ್ಲ, ಊರಿನ ಹೊಲದ್ದು. ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ ಎಲ್ಲೇ ಇರಲಿ, ನಮ್ಮಲ್ಲಿ ಬಹಳ ಜನರಿಗೆ ಊರಲ್ಲಿ ಇನ್ನೂ ಎರಡೋ ನಾಲ್ಕೋ ಎಕರೆ ಹೊಲ ಇದೆ. ಅದನ್ನು ನೋಡಿಕೊಳ್ಳುವ ವಯಸ್ಸಾದ ಅಪ್ಪ ಅವ್ವ ಇದ್ದಾರೆ, ಇಲ್ಲವೇ ಅಣ್ಣ ಅತ್ತಿಗೆ ಇದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾದರೂ ಪೂರ್ತಿ ಓದಿ. ಕೊನೆಯಲ್ಲಿ ತುರ್ತು ನಂಬರುಗಳೂ ಇವೆ.

ನಮ್ಮದು ಕಲಬುರಗಿ ಕಡೆಯ ಊರು. ತೊಗರಿ ಹೊಲ. ನಾನು ಪುಣೆಯಲ್ಲಿ, ತಮ್ಮ ಮುಂಬೈಯಲ್ಲಿ. ಹೋದ ವರ್ಷ ತೊಗರಿ ಹೂವಿಗೆ ಬಂದ ಸಮಯ. ಒಂದು ಸಂಜೆ ಅವ್ವನಿಗೆ ಫೋನ್ ಮಾಡಿದೆ. ದನಿ ಇಳಿದಿತ್ತು. ಏನಾಯಿತು ಅಂದೆ.

"ಏನಿಲ್ಲವ್ವಾ, ಬಿಸಲಿಗಿ ಸ್ವಲ್ಪ ತಲಿ ತಿರಗ್ಲಕತ್ತದ. ಮುಂಜಾನಿ ಎರಡು ಸಲ ವಾಂತಿ ಆತು. ಪಿತ್ತ ಇರಬೇಕು."

ನಾನೂ ಪಿತ್ತ ಅಂತಲೇ ತಿಳಿದೆ. ನಿಂಬೆಹಣ್ಣಿನ ಶರಬತ್ತು ಕುಡಿ, ಮಲಗು ಅಂತ ಹೇಳಿ ಫೋನ್ ಇಟ್ಟೆ. ರಾತ್ರಿ ಹೊತ್ತಿಗೆ ಅವಳಿಗೆ ಕಣ್ಣು ಮಬ್ಬಾಗಿ, ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ಪಕ್ಕದ ಮನೆಯ ಹುಡುಗ ಜೀಪಿನಲ್ಲಿ ಹಾಕಿಕೊಂಡು ತಾಲ್ಲೂಕಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ ಕೇಳಿದ ಮೊದಲ ಪ್ರಶ್ನೆ: "ಹೊಲದಾಗ ಎಣ್ಣಿ ಹೊಡದೀರೇನು?"

"ನಾ ಹೊಡದಿಲ್ರಿ, ಅವರು ಹೊಡದಾರ" ಅಂದಳಂತೆ ಅವ್ವ.

ಅದು ಸುಳ್ಳಲ್ಲ. ಪಂಪು ಬೆನ್ನಿಗೆ ಹಾಕಿಕೊಂಡು ಸಾಲಿನಲ್ಲಿ ನಡೆದವರು ಅಪ್ಪನೇ. ಆದರೆ ಆ ಡಾಕ್ಟರು ಅಲ್ಲಿಗೇ ನಿಲ್ಲಿಸಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರು: "ಕಲಸಿದವರು ಯಾರು?"

ಕಲಸಿದ್ದು ಅವ್ವ. ಬಕೆಟ್ಟಿನಲ್ಲಿ ನೀರು ಹಾಕಿ, ಬಾಟಲಿಯ ಮುಚ್ಚಳದಿಂದ ಅಳೆದು ಸುರಿದು, ಕೋಲಿನಿಂದ ತಿರುವಿ, ಅಪ್ಪನ ಪಂಪಿಗೆ ತುಂಬಿದ್ದು ಅವಳು. ಒಂದಲ್ಲ, ಹತ್ತು ಹನ್ನೆರಡು ಪಂಪು. ತುಳುಕಿದ್ದು ಸೀರೆಯ ಮೇಲೆ ಬಿದ್ದಿತ್ತು. ಹಸಿ ಸೀರೆಯಲ್ಲೇ ಸಂಜೆತನಕ ಇದ್ದಳು. ಮಾರನೇ ದಿನ ಬೆಳಗ್ಗೆ ಅಪ್ಪನ ಬಟ್ಟೆಯನ್ನು ಬರಿಗೈಯಲ್ಲಿ ಒಗೆದಳು.

ಎರಡು ದಿನ ಆಸ್ಪತ್ರೆಯಲ್ಲಿದ್ದು ಅವ್ವ ಹುಷಾರಾಗಿ ಮನೆಗೆ ಬಂದಳು. ಆ ಡಾಕ್ಟರ ಎರಡನೇ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ.

*ಅದು ಎಣ್ಣೆಯೂ ಅಲ್ಲ, ಔಷಧಿಯೂ ಅಲ್ಲ*

ನಮ್ಮ ಕಡೆ ಕೀಟನಾಶಕಕ್ಕೆ "ಎಣ್ಣೆ" ಅನ್ನುತ್ತಾರೆ. ಹಳೇ ಮೈಸೂರು ಕಡೆ "ಔಷಧಿ" ಅನ್ನುತ್ತಾರೆ. ಎರಡೂ ಹೆಸರು ಅಡುಗೆಮನೆಯಲ್ಲಿ, ದೇವರ ಗೂಡಿನ ಪಕ್ಕದಲ್ಲಿ ಇರುವಂಥವು. ಹೆಸರೇ ಹೀಗಿದ್ದಾಗ ಭಯ ಎಲ್ಲಿಂದ ಬರಬೇಕು? ವಿಷ ಅಂತ ಕರೆದಿದ್ದರೆ ಅವ್ವ ಬರಿಗೈಯಲ್ಲಿ ಮುಟ್ಟುತ್ತಿದ್ದಳೇ?

ನಮ್ಮ ಹೊಲಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ದೊಡ್ಡ ಗುಂಪು ಆರ್ಗನೋಫಾಸ್ಫೇಟ್ ಎಂಬ ಜಾತಿಯ ಕೀಟನಾಶಕಗಳದ್ದು. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಇವೆಲ್ಲ ಇದೇ ಗುಂಪಿನವು. ಇವು ಕೆಲಸ ಮಾಡುವ ರೀತಿ ಹೀಗೆ: ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಸವನ್ನು ಬಳಸುತ್ತವೆ. ಸುದ್ದಿ ಮುಟ್ಟಿದ ಮೇಲೆ ಆ ರಸವನ್ನು ಒರೆಸಿ ಹಾಕಲು ಒಂದು ಕಿಣ್ವ ಇದೆ. ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ನರಗಳು ಸುಮ್ಮನಾಗುವುದಿಲ್ಲ. ಕಾಲಿಂಗ್ ಬೆಲ್ ಒತ್ತಿದ ಗುಂಡಿ ಸಿಕ್ಕಿಹಾಕಿಕೊಂಡು ಬಾರಿಸುತ್ತಲೇ ಇದ್ದ ಹಾಗೆ. ಹುಳ ಸಾಯುವುದು ಹೀಗೆ. ಮನುಷ್ಯರಲ್ಲೂ ಅದೇ ರಸ, ಅದೇ ಕಿಣ್ವ ಇದೆ. ಅದಕ್ಕೇ ಬೆವರು, ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಸ್ನಾಯು ಅದುರುವುದು, ಕೊನೆಗೆ ಉಸಿರಾಟದ ತೊಂದರೆ.

ಇನ್ನೊಂದು ಮಾತು. ವಿಷ ಅಂದರೆ ಕುಡಿದರೆ ಮಾತ್ರ ಅಪಾಯ ಎಂಬ ನಂಬಿಕೆ ನಮ್ಮಲ್ಲಿದೆ. ಅದು ತಪ್ಪು. ಈ ಕೀಟನಾಶಕಗಳು ಚರ್ಮದ ಮೂಲಕವೂ ಒಳಗೆ ಹೋಗುತ್ತವೆ. ಬೆವರಿದ ಮೈ, ಗಾಯವಾದ ಕೈ, ಸೊಂಟಕ್ಕೆ ಅಂಟಿಕೊಂಡ ಒದ್ದೆ ಬಟ್ಟೆ ಇದ್ದರೆ ಇನ್ನೂ ಬೇಗ.

*ಗಂಡಸಿನ ಕೆಲಸ, ಹೆಂಗಸಿನ ಕೆಲಸ*

ನಮ್ಮ ಹಳ್ಳಿಗಳಲ್ಲಿ ಹೊಲದ ಕೆಲಸ ಹಂಚಿಕೆಯಾಗಿರುವುದು ಎಲ್ಲರಿಗೂ ಗೊತ್ತು. ರೋಗ, ಹುಳದ ವಿಷಯಕ್ಕೆ ಬಂದರೆ ಆ ಹಂಚಿಕೆ ಹೀಗಿರುತ್ತದೆ. ಅಂಗಡಿಗೆ ಹೋಗುವುದು, ಯಾವ ಎಣ್ಣೆ ಅಂತ ತೀರ್ಮಾನಿಸುವುದು, ಪಂಪು ಹೊತ್ತು ಹೊಡೆಯುವುದು ಗಂಡಸಿನ ಪಾಲು. ಉಳಿದದ್ದೆಲ್ಲ "ಕೈ ಆಸರೆ". ಅದು ಹೆಂಗಸಿನ ಪಾಲು. ಈ ಕೈ ಆಸರೆಯಲ್ಲಿ ಏನೇನಿದೆ ನೋಡಿ.

👉 ನೀರು ಹೊತ್ತು ತರುವುದು, ವಿಷ ಕಲಸುವುದು, ಪಂಪು ತುಂಬುವುದು. ಹೊಡೆಯುವವನ ಮೇಲೆ ಬೀಳುವುದು ನೀರು ಬೆರೆಸಿದ ವಿಷ. ಕಲಸುವವಳ ಕೈಗೆ ತಾಗುವುದು ಬಾಟಲಿಯ ಗಟ್ಟಿ ವಿಷ.

👉 ಹೊಡೆದ ಹೊಲದಲ್ಲಿ ಕಸ ತೆಗೆಯುವುದು. ಎಲೆಯ ಮೇಲಿನ ವಿಷ ಇನ್ನೂ ಆರಿರುವುದಿಲ್ಲ. ಬಗ್ಗಿ ಕುಳಿತು ಕೆಲಸ ಮಾಡುವಾಗ ಮುಖ, ಕೈ, ಕಾಲು ಎಲ್ಲ ಗಿಡಕ್ಕೆ ತಾಗುತ್ತವೆ.

👉 ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು, ತರಕಾರಿ ಕೊಯ್ಯುವುದು. ಇದರಲ್ಲಿ ಹೆಚ್ಚಿನವರು ಹೆಂಗಸರೇ. ಹತ್ತಿ ಮತ್ತು ಮೆಣಸಿನಕಾಯಿ, ಎರಡೂ ಮತ್ತೆ ಮತ್ತೆ ವಿಷ ಸಿಂಪಡಿಸುವ ಬೆಳೆಗಳು.

👉 ಹೊಡೆದವರ ಬಟ್ಟೆ ಒಗೆಯುವುದು. ಮನೆಯವರ ಬಟ್ಟೆಯ ಜೊತೆಗೇ, ಮಕ್ಕಳ ಅಂಗಿಯ ಜೊತೆಗೇ.

👉 ಉಳಿದ ವಿಷವನ್ನು ಮನೆಯೊಳಗೆ ಎಲ್ಲೋ ಎತ್ತಿಡುವುದು, ಖಾಲಿ ಡಬ್ಬಿ ತೊಳೆದಿಡುವುದು.

ಇವುಗಳಲ್ಲಿ ಯಾವುದಕ್ಕೂ "ಎಣ್ಣೆ ಹೊಡೆಯುವುದು" ಅನ್ನುವುದಿಲ್ಲ. ಆದ್ದರಿಂದ ಮುಖಕ್ಕೆ ಬಟ್ಟೆ ಕಟ್ಟಿಕೋ, ಕೈಗವಸು ಹಾಕಿಕೋ ಎಂಬ ಬುದ್ಧಿಮಾತು ಅವಳಿಗೆ ಯಾರೂ ಹೇಳುವುದಿಲ್ಲ. ಅವಳಿಗೂ ತನಗೆ ವಿಷ ತಾಗಿದೆ ಅನ್ನಿಸುವುದಿಲ್ಲ.

ಹಾಗಂತ ಗಂಡಸರು ಸುರಕ್ಷಿತ ಅಂತಲ್ಲ. ಲುಂಗಿ ಮೇಲೆ ಕಟ್ಟಿ, ಬರಿಗಾಲಲ್ಲಿ, ಗಾಳಿಗೆ ಎದುರಾಗಿ ಹೊಡೆಯುವವರಿದ್ದಾರೆ. ಪಂಪಿನ ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದುವವರಿದ್ದಾರೆ. "ಇಷ್ಟು ವರ್ಷ ಹೊಡೆದೀನಿ, ನನಗೇನಾಗ್ಯದ?" ಅನ್ನುವ ಗಂಡಸುತನದ ಮಾತೂ ಇದೆ. ಮೈಕೈ ನೋವು ಅಂತ ಸಂಜೆ ಇನ್ನೊಂದು ಬಗೆಯ "ಎಣ್ಣೆ" ಹಾಕುವವರೂ ಇದ್ದಾರೆ. ಆಗ ವಿಷದ ಲಕ್ಷಣ ಯಾವುದು, ಕುಡಿತದ ಲಕ್ಷಣ ಯಾವುದು ಅಂತ ಮನೆಯವರಿಗೆ ತಿಳಿಯುವುದೇ ಇಲ್ಲ. ಕೆಲಸದ ಹಂಚಿಕೆ ಇಬ್ಬರನ್ನೂ ಹಾಳು ಮಾಡುತ್ತದೆ. ಒಬ್ಬನಿಗೆ ಹೆದರಬಾರದು ಅಂತ ಕಲಿಸಿದೆ, ಇನ್ನೊಬ್ಬಳಿಗೆ ಹೆದರುವುದಕ್ಕೆ ಕಾರಣವೇ ಇಲ್ಲ ಅಂತ ಕಲಿಸಿದೆ.

*ಲೆಕ್ಕಕ್ಕೆ ಬಾರದವರು*

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಸುದ್ದಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದಾಗ ವಿಷ ತಗುಲಿ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆಸ್ಪತ್ರೆಗೆ ಬಂದವರ ಲೆಕ್ಕ ಸಿಕ್ಕಿತು. ಬಾರದವರ ಲೆಕ್ಕ ಯಾರಿಗೆ ಸಿಗಬೇಕು?

ಇದಕ್ಕೆ ಉತ್ತರ ಕೊಡುವ ಒಂದು ಅಧ್ಯಯನ ಇದೆ. 2003ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಭಾರತದ ಮೂರು ಹಳ್ಳಿಗಳಲ್ಲಿ 50 ಮಂದಿ ಹತ್ತಿ ಬೆಳೆಗಾರ ಹೆಣ್ಣುಮಕ್ಕಳು ಒಂದು ದಾಖಲೆ ಇಟ್ಟರು. ಪ್ರತಿ ಸಲ ಸಿಂಪಡಣೆಯಾದ ಮೇಲೆ ತಮಗೆ ಏನಾಯಿತು, ತಮ್ಮ ಮನೆಯ ಗಂಡಸರಿಗೆ ಏನಾಯಿತು ಅಂತ ಅವರೇ ಗುರುತು ಮಾಡಿ ವರದಿ ಮಾಡಿದರು. 323 ಸಂದರ್ಭಗಳು ದಾಖಲಾದವು. ಅವುಗಳಲ್ಲಿ ನೂರಕ್ಕೆ 83ಕ್ಕಿಂತ ಹೆಚ್ಚು ಸಲ ಸೌಮ್ಯವಾದದ್ದರಿಂದ ತೀವ್ರವಾದದ್ದರವರೆಗೆ ವಿಷದ ಯಾವುದೋ ಒಂದು ಲಕ್ಷಣ ಕಾಣಿಸಿಕೊಂಡಿತ್ತು. ನೂರಕ್ಕೆ 6 ಸಲ ನರಗಳ ಮೇಲಿನ ಪರಿಣಾಮ ಬಹಳ ಗಂಭೀರವಾಗಿತ್ತು. ಆದರೂ ಒಬ್ಬರೂ ವೈದ್ಯರ ಬಳಿಗೆ ಹೋಗಲಿಲ್ಲ.

2005ರಲ್ಲಿ ಪ್ರಕಟವಾದ ಆ ಅಧ್ಯಯನದ ಮುಖ್ಯ ತೀರ್ಮಾನ ಇದು: ಹೆಂಗಸರು ಮಾಡುವ ವಿಷ ಕಲಸುವ, ಪಂಪು ತುಂಬುವ ಕೆಲಸ, ನೇರವಾಗಿ ಸಿಂಪಡಿಸುವಷ್ಟೇ ಅಪಾಯಕಾರಿ. ನಮ್ಮ ತಾಲ್ಲೂಕಿನ ಡಾಕ್ಟರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು.

ಹೆಂಗಸರಲ್ಲಿ ಈ ಲಕ್ಷಣಗಳು ತಪ್ಪಿಹೋಗಲು ಇನ್ನೊಂದು ಕಾರಣ ಇದೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಅಂದರೆ ಮನೆಯಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಬಿಸಿಲು, ಪಿತ್ತ, ರಕ್ತ ಕಡಿಮೆ, ಮುಟ್ಟು ನಿಲ್ಲುವ ವಯಸ್ಸು. ಇವೆಲ್ಲ ಇರಬಹುದು. ಆದರೆ ಸಿಂಪಡಣೆಯಾದ ದಿನ, ಅದರ ಮಾರನೇ ದಿನ ಈ ತೊಂದರೆ ಬಂದರೆ ಮೊದಲು ವಿಷದ ಅನುಮಾನ ಪಡಬೇಕು.

*ಮಡಿಲಿನ ಮಗುವಿಗೂ*

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಸಣ್ಣ ಮಕ್ಕಳು ಸಿಂಪಡಣೆಯ ಹೊಲದ ಹತ್ತಿರವೂ ಸುಳಿಯಬಾರದು. ತಾಯಿಯ ಮೈಗೆ ಸೇರಿದ ಅನೇಕ ಕೀಟನಾಶಕಗಳು ಹೊಟ್ಟೆಯಲ್ಲಿರುವ ಮಗುವನ್ನೂ ತಲುಪುತ್ತವೆ.

ಕಾಸರಗೋಡಿನ ಕಥೆ ಕನ್ನಡಿಗರಿಗೆ ಹೊಸದಲ್ಲ. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಹಳ್ಳಿಗಳಲ್ಲೂ ಎಂಡೋಸಲ್ಫಾನ್ ಸಂತ್ರಸ್ತರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಆದರೆ ಹಾಸಿಗೆ ಹಿಡಿದ ಮಕ್ಕಳನ್ನು ಹಗಲು ರಾತ್ರಿ ಎತ್ತಿ ಇಳಿಸಿ ನೋಡಿಕೊಂಡವರು ಹೆಚ್ಚಾಗಿ ತಾಯಂದಿರೇ. ವಿಷದ ಕೆಲಸದಲ್ಲಿ ಅವರಿಗೆ ಪಾಲಿರಲಿಲ್ಲ, ಫಲದಲ್ಲಿ ಮಾತ್ರ ದೊಡ್ಡ ಪಾಲು ಸಿಕ್ಕಿತು.

*ಖಾಲಿ ಡಬ್ಬಿ ಖಾಲಿ ಅಲ್ಲ*

2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಊಟದಲ್ಲಿ, ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಪತ್ತೆಯಾಯಿತು. ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟಿದ್ದಿರಬಹುದು ಎಂದು ಅಧಿಕಾರಿಗಳು ಆಗ ಹೇಳಿದರು. "ಎಣ್ಣೆ" ಮತ್ತು "ಎಣ್ಣೆ" ಒಂದೇ ಮನೆಯಲ್ಲಿದ್ದಾಗ ಆಗುವ ಅನಾಹುತ ಇದು.

ಊರಿಗೆ ಹೋದಾಗ ಒಮ್ಮೆ ನೋಡಿ. ನೀರು ತುಂಬಿಡುವ ಕ್ಯಾನು, ಸೀಮೆಎಣ್ಣೆಯ ಬಾಟಲಿ, ಬೀಜದ ಡಬ್ಬಿ ಇವುಗಳಲ್ಲಿ ಯಾವುದಾದರೂ ಮೊದಲು ಕೀಟನಾಶಕದ್ದಾಗಿತ್ತೇ? ಎಷ್ಟು ತೊಳೆದರೂ ಅದು ಮನೆಬಳಕೆಗೆ ಯೋಗ್ಯವಲ್ಲ. ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನೂ ಪಂಪಿಗೇ ಹಾಕಿ, ಡಬ್ಬಿಗೆ ತೂತು ಮಾಡಿ, ಮತ್ತೆ ಯಾರೂ ಬಳಸದಂತೆ ಮಾಡಬೇಕು.

*ಕಣ್ಣು ಅವಳದು, ತೀರ್ಮಾನ ಅವನದು*

ಇಲ್ಲಿಯತನಕ ಅಪಾಯದ ಮಾತಾಯಿತು. ಇನ್ನು ಉಪಾಯದ ಮಾತು. ವಿಷದಿಂದ ಪಾರಾಗಲು ಎಲ್ಲಕ್ಕಿಂತ ಒಳ್ಳೆಯ ದಾರಿ ಹೊಡೆಯುವ ಸಲಗಳನ್ನೇ ಕಡಿಮೆ ಮಾಡುವುದು. ಅದಕ್ಕೆ ಬೇಕಾದ ಜ್ಞಾನ ಮನೆಯಲ್ಲೇ ಇದೆ.

ಹೊಲದಲ್ಲಿ ಹುಳ ಬಿದ್ದದ್ದು ಮೊದಲು ಯಾರಿಗೆ ಕಾಣುತ್ತದೆ? ಬದುವಿನ ಮೇಲೆ ನಿಂತು ನೋಡುವವನಿಗಲ್ಲ. ಗಿಡದ ಬುಡದಲ್ಲಿ ಕುಳಿತು ಕಸ ತೆಗೆಯುವವಳಿಗೆ. ಎಲೆಯ ಅಡಿಯಲ್ಲಿ ಮೊಟ್ಟೆ ಇದೆ, ಮೆಣಸಿನ ಗಿಡ ಮುಟುರಿಕೊಂಡಿದೆ, ಯಾವ ಸಾಲಿನಲ್ಲಿ ಗಿಡ ಸೊರಗಿದೆ ಎಲ್ಲ ಅವಳ ಕಣ್ಣಿಗೆ ಬಿದ್ದಿರುತ್ತದೆ. ಬೀಜ ಆರಿಸಿ, ಕೇರಿ, ಬಿಸಿಲಿಗೆ ಹಾಕಿ, ಬೂದಿ ಬೆರೆಸಿ, ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಇಟ್ಟು ನುಸಿ ಬೀಳದ ಹಾಗೆ ಕಾಯ್ದವರು ನಮ್ಮ ಅಜ್ಜಿಯರು. ತೊಗರಿಗೆ ಕೆಮ್ಮಣ್ಣು ಕಟ್ಟಿ ಇಡುತ್ತಿದ್ದುದು ನಮ್ಮ ಕಡೆಯವರಿಗೆ ನೆನಪಿರುತ್ತದೆ. ಇದು ಕೀಟ ನಿರ್ವಹಣೆಯೇ. ನಾವು ಅದನ್ನು ಮನೆಗೆಲಸ ಅಂತ ಕರೆದೆವು ಅಷ್ಟೆ.

ಕಲಬುರಗಿ ಸೀಮೆಯದೇ ಇನ್ನೊಂದು ಉದಾಹರಣೆ ಇದೆ. ತೊಗರಿಗೆ ಕಾಯಿಕೊರಕ ಬಿದ್ದಾಗ ಗಿಡದ ಬುಡಕ್ಕೆ ಬಟ್ಟೆಯನ್ನೋ ಹಾಳೆಯನ್ನೋ ಹಾಸಿ, ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ, ಉದುರಿದ ಹುಳ ಆರಿಸಿ ನಾಶಮಾಡುವುದು ಹಳೆಯ ಪದ್ಧತಿ. 1990ರ ದಶಕದ ಕೊನೆಯಲ್ಲಿ ಕಾಯಿಕೊರಕದ ಹಾವಳಿ ಮಿತಿಮೀರಿ, ವಿಷಕ್ಕೂ ಹುಳ ಬಗ್ಗದೇ ಹೋದಾಗ ವಿಜ್ಞಾನಿಗಳೇ ಈ ಪದ್ಧತಿಯನ್ನು ಮತ್ತೆ ಮುಂದಕ್ಕೆ ತಂದರು. ಇದರ ಜೊತೆಗೆ ಮೋಹಕ ಬಲೆ, ಹಕ್ಕಿ ಕೂರಲು ಕವಲು ಕೋಲು ನೆಡುವುದು, 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ಪುಡಿಯ ಕಷಾಯ, ಸಾಲಿನ ನಡುವೆ ಚೆಂಡು ಹೂವು. ಗುಲಗಂಜಿ ಹುಳು, ಜೇಡ, ಕಣಜ ಇವು ರೈತನ ಮಿತ್ರರು, ಬೆಳೆಯ ಹುಳಗಳನ್ನು ತಿನ್ನುವಂಥವು. ವಿಷ ಹೊಡೆದರೆ ಮೊದಲು ಸಾಯುವುದು ಇವೇ.

ಆದರೆ ಇಲ್ಲೊಂದು ಎಚ್ಚರ ಬೇಕು. ಹುಳ ಆರಿಸುವ ಕೆಲಸ ಮಾತ್ರ ಅವಳಿಗೆ, ತರಬೇತಿ, ತೀರ್ಮಾನ, ದುಡ್ಡು ಎಲ್ಲ ಅವನಿಗೆ ಅಂತಾದರೆ ಅದು ನ್ಯಾಯವಲ್ಲ. ಈಗ ಆಗುತ್ತಿರುವುದು ಬಹಳ ಕಡೆ ಹೀಗೆಯೇ. 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ನೂರಕ್ಕೆ ಸುಮಾರು 14 ಮಾತ್ರ. 2011ರ ಜನಗಣತಿಯಲ್ಲಿ ನೋಡಿದರೆ ದುಡಿಯುವ ನೂರು ಹೆಂಗಸರಲ್ಲಿ ಸುಮಾರು 65 ಮಂದಿ ಹೊಲದಲ್ಲೇ ದುಡಿಯುವವರು, ಸ್ವಂತಕ್ಕೋ ಕೂಲಿಗೋ. ಪಹಣಿ ಗಂಡಸಿನ ಹೆಸರಲ್ಲಿ, ಹಾಗಾಗಿ ರೈತ ಅಂದರೆ ಗಂಡಸು, ಹಾಗಾಗಿ ತರಬೇತಿಯ ಕರೆಯೂ ಗಂಡಸಿಗೆ. ಹುಳ ನೋಡಿದವಳನ್ನು ಅಂಗಡಿಗೆ ಕರೆದೊಯ್ಯುವವರಿಲ್ಲ. ಅಂಗಡಿಗೆ ಹೋದವನು ಹುಳವನ್ನು ಸರಿಯಾಗಿ ನೋಡಿಲ್ಲ. ಅಂಗಡಿಯವರು ಕೊಟ್ಟದ್ದೇ ಔಷಧಿ.

ಇತ್ತೀಚೆಗೆ ಕೆಲವು ಬದಲಾವಣೆ ಕಾಣುತ್ತಿವೆ. ಕೇಂದ್ರ ಸರ್ಕಾರದ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಸಿಂಪಡಣೆಯ ಡ್ರೋನ್ ಕೊಡುವ ಗುರಿ ಇದೆ. ಪಂಪು ಗಂಡಸಿನದು ಎಂಬ ಮಾತು ಇಲ್ಲಿ ತಿರುಗಿದೆ. ಒಳ್ಳೆಯದೇ. ಆದರೆ ಡ್ರೋನಿನ ಟ್ಯಾಂಕಿಗೂ ಯಾರಾದರೂ ವಿಷ ಕಲಸಿ ತುಂಬಲೇಬೇಕು. ಕೈಗವಸು ಅಲ್ಲೂ ಬೇಕು.

*ದುಡ್ಡು ಕಳುಹಿಸುವ ನಾವು*

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಅವ್ವ ಆಸ್ಪತ್ರೆಯಲ್ಲಿದ್ದಾಗ ತಮ್ಮ ಫೋನಿನಲ್ಲಿ ಅತ್ತ. "ಅಕ್ಕಾ, ಆ ಎಣ್ಣಿ ರೊಕ್ಕ ನಾನೇ ಹಾಕಿದ್ದೆ" ಅಂದ. ಅಪ್ಪ ಅಂಗಡಿಯಿಂದ ಫೋನ್ ಮಾಡಿದ್ದರು, ಇವನು ಮುಂಬೈಯಿಂದ ಅಂಗಡಿಯವರ ಖಾತೆಗೆ ಹಣ ಹಾಕಿದ್ದ. ಯಾವ ಎಣ್ಣೆ, ಯಾಕೆ, ಎಷ್ಟು, ಯಾರು ಕಲಸುತ್ತಾರೆ ಒಂದನ್ನೂ ಕೇಳಿರಲಿಲ್ಲ. ನಾನು ಕೇಳಿದ್ದೆನೇ? ನಾನೂ ಕೇಳಿರಲಿಲ್ಲ.

ನಾವು ಊರು ಬಿಟ್ಟು ಬಂದಿದ್ದರಿಂದ ಹೊಲದ ಕೆಲಸದ ಹಂಚಿಕೆಯೂ ಬದಲಾಗಿದೆ. ಮಗ ಮಾಡುತ್ತಿದ್ದ ಕೆಲಸ ಅವ್ವನ ತಲೆಗೆ ಬಿದ್ದಿದೆ. ಅಪ್ಪನಿಗೆ ಕೈಲಾಗದಿದ್ದರೆ ಕೂಲಿಯವನು ಹೊಡೆಯುತ್ತಾನೆ, ಕಲಸಿಕೊಡುವುದು ಅವ್ವನೇ. ಕೆಲವು ಮನೆಗಳಲ್ಲಿ ಅವಳೇ ಪಂಪು ಹೊತ್ತು ಹೊಡೆಯುವುದೂ ಉಂಟು. ತುಂಬಿದ 16 ಲೀಟರಿನ ಪಂಪು ಅಂದರೆ 16 ಕಿಲೋಗೂ ಮಿಕ್ಕಿದ ಭಾರ. ನಾವಿಲ್ಲದ ಜಾಗವನ್ನು ಅವಳು ತನ್ನ ಮೈಯಿಂದ ತುಂಬುತ್ತಿದ್ದಾಳೆ.

ದೂರದಲ್ಲಿದ್ದೂ ನಾವು ಮಾಡಬಹುದಾದದ್ದು ಬಹಳ ಇದೆ.

1️⃣ ಕೀಟನಾಶಕಕ್ಕೆ ಹಣ ಹಾಕುವ ಮೊದಲು ಬಾಟಲಿಯ ಫೋಟೋ ತರಿಸಿಕೊಳ್ಳಿ. ಅದರ ಮೇಲೆ ವಜ್ರದ ಆಕಾರದ ಗುರುತು ಇರುತ್ತದೆ. ಅದರ ಕೆಳಭಾಗ *ಕೆಂಪು* ಇದ್ದರೆ ಅತಿ ಘೋರ ವಿಷ, *ಹಳದಿ* ಇದ್ದರೆ ಘೋರ ವಿಷ, *ನೀಲಿ* ಇದ್ದರೆ ಮಧ್ಯಮ, *ಹಸಿರು* ಇದ್ದರೆ ಕಡಿಮೆ. ಹಸಿರು ಅಂದರೆ ಕುಡಿಯಬಹುದು ಅಂತಲ್ಲ, ಎಚ್ಚರ ಅದಕ್ಕೂ ಬೇಕು. ಕೆಂಪು ಕಂಡರೆ ಬೇರೆ ದಾರಿ ಇದೆಯೇ ಕೇಳಿ.

2️⃣ ಕಿಸಾನ್ ಕಾಲ್ ಸೆಂಟರ್ ನಂಬರು *1800-180-1551*. ಹಣ ಇಲ್ಲದ ಕರೆ, ಕನ್ನಡದಲ್ಲಿ ಮಾತನಾಡಬಹುದು. ಹುಳದ ಲಕ್ಷಣವನ್ನು ಅವ್ವನಿಂದಲೇ ಹೇಳಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಪ್ಪನ ಜೊತೆ ಅವಳೂ ಹೋಗಲಿ.

3️⃣ ಹಬ್ಬಕ್ಕೆ ಸೀರೆ ಒಯ್ಯುವಾಗ ಅದರ ಜೊತೆ ನಾಲ್ಕು ಜೊತೆ ಉದ್ದ ತೋಳಿನ ರಬ್ಬರ್ ಕೈಗವಸು, ಮಾಸ್ಕು, ಕಣ್ಣಿಗೆ ಕನ್ನಡಕ, ಪ್ಲಾಸ್ಟಿಕ್ ಏಪ್ರನ್, ಗಮ್ ಬೂಟು ಒಯ್ಯಿರಿ. *ಇಬ್ಬರ ಅಳತೆಗೂ.* ಅಪ್ಪನದನ್ನೇ ಅವ್ವ ಹಾಕಿಕೊಳ್ಳಲಿ ಅಂದರೆ ಆಗುವುದಿಲ್ಲ.

4️⃣ ಕಲಸಲು ಬೇರೆಯೇ ಬಕೆಟ್ಟು, ಬೇರೆಯೇ ಕೋಲು, ಬೇರೆಯೇ ಅಳತೆ ಲೋಟ. ಅವು ಮನೆಯೊಳಗೆ ಬರಬಾರದು. ಎರಡು ಮೂರು ವಿಷ ಒಟ್ಟಿಗೆ ಬೆರೆಸಬಾರದು.

5️⃣ ಸಿಂಪಡಿಸಿದ ಹೊಲಕ್ಕೆ ಕನಿಷ್ಠ ಒಂದು ದಿನ ಯಾರೂ ಕಸ ತೆಗೆಯಲು ಹೋಗಬಾರದು. ಲೇಬಲ್‌ನಲ್ಲಿ ಹೆಚ್ಚು ದಿನ ಹೇಳಿದ್ದರೆ ಅಷ್ಟು ದಿನ. ಕೂಲಿಗೆ ಬರುವ ಹೆಣ್ಣುಮಕ್ಕಳಿಗೂ ಇದನ್ನು ಹೇಳಬೇಕು. ಅವರೂ ಯಾರದೋ ಮನೆಯ ಅವ್ವಂದಿರೇ.

6️⃣ ಹೊಡೆದವರು, ಕಲಸಿದವರು ಇಬ್ಬರೂ ಕೆಲಸ ಮುಗಿದ ತಕ್ಷಣ ಸೋಪು ಹಚ್ಚಿ ಸ್ನಾನ ಮಾಡಬೇಕು. ಬಟ್ಟೆಯನ್ನು ಹೊಡೆದವರೇ ಮೊದಲು ನೀರಿನಲ್ಲಿ ಜಾಲಿಸಿಡಲಿ. ಆಮೇಲೆ ಕೈಗವಸು ಹಾಕಿ, ಬೇರೆಯಾಗಿ ಒಗೆದು ಬಿಸಿಲಿಗೆ ಹಾಕಬೇಕು.

7️⃣ ಉಳಿದ ವಿಷ ಮನೆಯ ಹೊರಗೆ, ಬೀಗದೊಳಗೆ. ಮಲಗುವ ಕೋಣೆಯಲ್ಲಿ, ಅಟ್ಟದ ಮೇಲೆ, ಕಾಳಿನ ಮೂಟೆಯ ಪಕ್ಕದಲ್ಲಿ ಬೇಡ. ಸಿಟ್ಟಿನ ಗಳಿಗೆಯಲ್ಲಿ ಕೈಗೆ ಸಿಗದ ಹಾಗೆ ಇಡುವುದೂ ಜೀವ ಉಳಿಸುತ್ತದೆ.

*ವಿಷ ತಗುಲಿದೆ ಅನ್ನಿಸಿದರೆ*

🚨 ಮೊದಲು ಹೊಲದಿಂದ ಗಾಳಿ ಆಡುವ ಜಾಗಕ್ಕೆ ಕರೆತನ್ನಿ.

🚨 ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ 15–20 ನಿಮಿಷ ತೊಳೆಯಿರಿ. ಹೆಂಗಸರಾದರೆ ಮರ್ಯಾದೆ ಅಂತ ಒದ್ದೆ ಸೀರೆಯಲ್ಲೇ ಆಸ್ಪತ್ರೆಗೆ ಒಯ್ಯಬೇಡಿ. ನಾಲ್ಕು ಜನ ಹೆಂಗಸರು ಅಡ್ಡ ಹಿಡಿದು ಬಟ್ಟೆ ಬದಲಿಸಿ. ತೊಳೆಯುವವರೂ ಕೈಗವಸು ಹಾಕಿಕೊಳ್ಳಿ.

🚨 ಕಣ್ಣಿಗೆ ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯುತ್ತಲೇ ಇರಿ.

🚨 ವಾಂತಿ ಮಾಡಿಸಬೇಡಿ. ಉಪ್ಪುನೀರು, ಹಾಲು, ಮಜ್ಜಿಗೆ, ಹುಣಸೆನೀರು ಏನನ್ನೂ ಕುಡಿಸಬೇಡಿ. ಎಚ್ಚರ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಿ.

🚨 *108*ಕ್ಕೆ ಕರೆ ಮಾಡಿ. ಬಾಟಲಿ ಅಥವಾ ಅದರ ಲೇಬಲ್ ತಪ್ಪದೇ ಜೊತೆಗೆ ಒಯ್ಯಿರಿ. ಯಾವ ವಿಷ ಅಂತ ತಿಳಿದರೆ ಡಾಕ್ಟರಿಗೆ ಚಿಕಿತ್ಸೆ ಸುಲಭ. ಆರ್ಗನೋಫಾಸ್ಫೇಟ್‌ಗೆ ಅಟ್ರೋಪಿನ್ ಎಂಬ ಇಂಜೆಕ್ಷನ್ ಇದೆ, ಬೇಗ ಸಿಕ್ಕರೆ ಜೀವ ಉಳಿಯುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಮಾತ್ರ ಪ್ರತ್ಯೌಷಧ ಇಲ್ಲ, ಅದನ್ನು ಮನೆಗೆ ತರದಿರುವುದೇ ಮದ್ದು.

🚨 ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರ: *1800-116-117*. ಹಗಲು ರಾತ್ರಿ ಕರೆ ಮಾಡಬಹುದು.

🚨 ಡಾಕ್ಟರು "ಎಣ್ಣೆ ಹೊಡೆದಿರಾ?" ಅಂತ ಮಾತ್ರ ಕೇಳಿದರೆ ನೀವೇ ಮುಂದುವರಿಸಿ ಹೇಳಿ: ಕಲಸಿದ್ದೇನೆ, ತುಂಬಿದ್ದೇನೆ, ಬಟ್ಟೆ ಒಗೆದಿದ್ದೇನೆ, ಹೊಡೆದ ಹೊಲದಲ್ಲಿ ಕೆಲಸ ಮಾಡಿದ್ದೇನೆ.

ಈ ವರ್ಷವೂ ತೊಗರಿ ಹೂವಿಗೆ ಬಂತು. ಅವ್ವ ವಾರಕ್ಕೆರಡು ಸಲ ಹೊಲ ಸುತ್ತಿ, ಗಿಡದಲ್ಲಿ ಎಷ್ಟು ಹುಳ ಕಂಡವು ಅಂತ ಮೊಮ್ಮಗಳ ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದಿಡುತ್ತಾಳೆ. ಅವಳಿಗೆ ಓದು ಬರುವುದಿಲ್ಲ, ಗೆರೆ ಎಳೆಯಲು ಬರುತ್ತದೆ. ಆ ಗೆರೆ ನೋಡಿ ಅಪ್ಪ ಒಂದು ಸಿಂಪಡಣೆ ಬಿಟ್ಟರು. ಇನ್ನೊಂದನ್ನು ಹೊಡೆದರು. ಆ ಸಂಜೆ ಫೋನ್ ಮಾಡಿ ನಾನು ಊಟ ಆಯಿತಾ ಅಂತ ಕೇಳುವ ಮೊದಲು "ಕಲಸಿದವರು ಯಾರು?" ಅಂತ ಕೇಳಿದೆ.

"ನಾನೇ ಕಲಸೀನಿ. ಕೈಚೀಲ ಹಾಕ್ಕೊಂಡೀನಿ, ಜಳಕಾನೂ ಆಗ್ಯದ. ನಿಮ್ಮಪ್ಪ ತಮ್ಮ ಅರಿಬಿ ತಾವೇ ಜಾಲಿಸಿಟ್ಟಾರ" ಅಂದು ನಕ್ಕಳು. ಕೈಗವಸಿಗೆ ಅವಳು ಕೈಚೀಲ ಅನ್ನುತ್ತಾಳೆ.

ಇವತ್ತು ಊರಿಗೆ ಫೋನ್ ಮಾಡಿದಾಗ ನೀವೂ ಆ ಒಂದು ಪ್ರಶ್ನೆ ಕೇಳಿ. ಈ ಲೇಖನವನ್ನು ನಿಮ್ಮ ಊರಿನ ಗುಂಪಿಗೂ ಕಳುಹಿಸಿ. ಓದಲು ಬಾರದ ಅವ್ವ, ಅತ್ತೆ, ಅತ್ತಿಗೆಯರಿಗೆ ಯಾರಾದರೂ ಓದಿ ಹೇಳಿ.

ಎಲ್ಲರೂ ಆರೋಗ್ಯವಾಗಿರಿ 🌾